ಮೊದಲು ಕರಗುತ್ತೆ

ನಮ್ಮ ಅಕ್ವೇರಿಯಂ ಅಂಗಡಿಯ ಗಾಜಿನ ಟ್ಯಾಂಕುಗಳಲ್ಲಿ ಗಿಡ ಹೇಗೆ ಬೆಳೆಯುತ್ತಿತ್ತೆಂದರೆ, ಒಂದು ಮೀನು ಅದರೊಳಗೆ ಹೋಗಿ ದಾರಿ ತಪ್ಪಿ, ನಾವು ಅದರ ಆಸೆಯನ್ನೇ ಬಿಟ್ಟ ಮೇಲೆ, ಹೆಂಡತಿ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಇನ್ನೊಂದು ಕಡೆಯಿಂದ ಹೊರಗೆ ಬಂದಿತ್ತು. ನಂಬದವರು ನಂಬಬೇಡಿ. ಎದುರಿನ ಬೀಗದ ಕೈ ಮಾಡುವವನು ಕಣ್ಣಾರೆ ನೋಡಿದ್ದಾನೆ. ಅವನು ಈಗ ಇಲ್ಲ, ಅದು ಬೇರೆ ಮಾತು. ನೀರು ಎಷ್ಟು ತಿಳಿಯಾಗಿರುತ್ತಿತ್ತೆಂದರೆ, ಟ್ಯಾಂಕು ಖಾಲಿ ಇದೆಯೆಂದುಕೊಂಡು ಒಬ್ಬ ಗಿರಾಕಿ ತನ್ನ ಛತ್ರಿಯನ್ನು ಅದರೊಳಗೆ ಇಳಿಬಿಟ್ಟು ಆರಾಮಾಗಿ ನಿಂತಿದ್ದ.

ಇದೆಲ್ಲ ಅಣ್ಣನ ಕೈಗುಣ. ನನ್ನದೇನಿದ್ದರೂ ಬಾಯಿ. ನಾನು ಮುಟ್ಟಿದರೆ ಪ್ಲಾಸ್ಟಿಕ್ ಗಿಡವೂ ಬಾಡುತ್ತದೆ. ಅದಕ್ಕೇ ಅಣ್ಣ ನನ್ನನ್ನು ಬಾಗಿಲ ಬಳಿ ನಿಲ್ಲಿಸಿದ್ದ. ಬೀದಿಯಲ್ಲಿ ಹೋಗುವವರನ್ನು ಮಾತಿನಲ್ಲಿ ಹಿಡಿದು ಒಳಗೆ ತಳ್ಳುವುದು ನನ್ನ ಕೆಲಸ. ಹರಿದ ಚಪ್ಪಲಿ ಹೊಲಿಸಲು ಹೊರಟವರು ಟ್ಯಾಂಕು ಹೊತ್ತುಕೊಂಡು ಬರಿಗಾಲಲ್ಲಿ ಮನೆಗೆ ಹೋಗಿದ್ದಾರೆ, ನನ್ನ ಬಾಯಿಯ ಬಲ ಅಂಥದ್ದು. ಅಣ್ಣ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಲೋ ಬೊಗಳೆ, ನೀನೂ ಸ್ವಲ್ಪ ಉಸಿರು ತಗೋ, ಅವರಿಗೂ ತಗೊಳ್ಳೋಕೆ ಬಿಡು" ಎಂದು ಒಳಗಿನಿಂದ ಕೂಗುತ್ತಿದ್ದ.

ಅಂಗಡಿಯ ಹಿಂಬದಿಗೆ ತಗಡಿನ ಮಾಡಿನ ಕೆಳಗೆ ಗಿಡದ ತಟ್ಟೆಗಳಿದ್ದವು. ಅಂಗೈಯಗಲದ ಜಾಲರಿ ಕುಂಡಗಳು, ಕುಂಡದೊಳಗೆ ಬೂದು ಹತ್ತಿಯಂಥ ನಾರು, ನಾರಿನಲ್ಲಿ ಬೇರು. ನೀರಿನ ಗಿಡಗಳೇ ಆದರೂ ಮಾರುವ ತನಕ ಅವು ಬೆಳೆಯುವುದು ಹಾಗೆ, ಕಾಲು ನೀರಿನಲ್ಲಿ, ತಲೆ ಗಾಳಿಯಲ್ಲಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅಣ್ಣ ಉದ್ದ ಮೂತಿಯ ಕ್ಯಾನು ಹಿಡಿದು ಆ ತಟ್ಟೆಗಳಿಗೆಲ್ಲ ನೀರು ಹಾಕುತ್ತಿದ್ದ. ಗಿರಾಕಿ ಬಂದು ಒಂದು ಕುಂಡ ಆರಿಸಿಕೊಂಡರೆ, ಅದನ್ನು ಕಾಗದದಲ್ಲಿ ಸುತ್ತುವ ಮೊದಲು ಒಂದು ಭಾಷಣ.

"ಇದು ಇಷ್ಟು ದಿನ ಗಾಳೀಲಿ ಬೆಳೆದಿದ್ದು. ನೀರಲ್ಲಿ ಮುಳುಗಿಸಿದ್ರೆ ಮೊದಲು ಕರಗುತ್ತೆ. ಎಲೆಯೆಲ್ಲ ಗಾಜಿನ ಥರ ಆಗಿ, ಲೋಳೆಯಾಗಿ ಹೋಗುತ್ತೆ. ಸತ್ತೋಯ್ತು ಅಂತ ಕಿತ್ತು ಬಿಸಾಕ್ಬೇಡಿ. ಬೇರು ಬದುಕಿರುತ್ತೆ. ನೀರಲ್ಲೇ ಹುಟ್ಟಿದ ಹೊಸ ಎಲೆ ಬರುತ್ತೆ. ತಾಳ್ಮೆ ಇರಲಿ."

ಈ ಭಾಷಣವನ್ನು ಬೀದಿಯ ನಾಯಿಗಳೂ ಬಾಯಿಪಾಠ ಮಾಡಿದ್ದವು. ಮದುವೆಯಾದ ಹೊಸತರಲ್ಲಿ ಅತ್ತಿಗೆ ತವರು ನೆನೆಸಿಕೊಂಡು ಅತ್ತಾಗ ಅಣ್ಣ ಸಮಾಧಾನಕ್ಕೆ ಹೇಳಿದ್ದೂ ಇದನ್ನೇ ಅಂತೆ. "ಎಂಥ ಗಂಡನಪ್ಪಾ ಇವನು, ನನ್ನನ್ನ ಕುಂಡದ ಗಿಡ ಅಂತಾನಲ್ಲ ಅಂತ ಮೊದಮೊದಲು ಉರಿದುಹೋಯ್ತು" ಎನ್ನುತ್ತಿದ್ದರು ಅತ್ತಿಗೆ. "ಆಮೇಲೆ ನೋಡಿದ್ರೆ ನಿಜಾನೇ."

ಒಂದು ಬೆಳಿಗ್ಗೆ ಅಣ್ಣ ಹಿಂದಿನ ತಟ್ಟೆಗಳಿಗೆಲ್ಲ ನೀರು ಹಾಕಿ ಮುಗಿಸಿ, ಅದೇ ಕ್ಯಾನು ಹಿಡಿದು ಮುಂದಕ್ಕೆ ಬಂದು, ಟ್ಯಾಂಕುಗಳೊಳಗಿನ ಗಿಡಕ್ಕೂ ನೀರು ಹಾಕತೊಡಗಿದ.

ತುಂಬಿದ ಟ್ಯಾಂಕು. ಅದರ ತಳದಲ್ಲಿ ಮುಳುಗಿ ನಿಂತ ಗಿಡ. ಮೇಲಿನಿಂದ ಅಣ್ಣ ಬಾಗಿ, ಗಿಡದ ಬುಡಕ್ಕೇ ಗುರಿಯಿಟ್ಟು, ಒಂದು ಹನಿಯೂ ಎಲೆಗೆ ತಾಗದಂತೆ ಜೋಪಾನವಾಗಿ ಸುರಿಯುತ್ತಿದ್ದಾನೆ. ನಾನು ನಕ್ಕ ನಗುವಿಗೆ ಪಕ್ಕದ ಇಸ್ತ್ರಿಯವಳು ಬಟ್ಟೆ ಸುಟ್ಟುಕೊಂಡಳು. "ಅಣ್ಣಾ, ಬಾಯಾರಿಕೆ ಆಗಿದೆಯಂತಾ ಅವಕ್ಕೆ? ಮೀನಿಗೂ ಒಂದೊಂದು ಲೋಟ ಕೊಟ್ಬಿಡು!" ಅಣ್ಣ ನಗಲಿಲ್ಲ. "ನಿನ್ನ ನಂಬಿದ್ರೆ ಎಲ್ಲ ಒಣಗಿ ಹೋಗುತ್ತೆ" ಎಂದು ಮುಂದಿನ ಟ್ಯಾಂಕಿಗೆ ಹೋದ.

ಆ ನಗು ಬೇಗ ನಿಂತಿತು. ಕೊಳಾಯಿ ನೀರನ್ನು ಹಿಂದಿನ ದಿನವೇ ಹಿಡಿದಿಟ್ಟು ಅದರ ಕ್ಲೋರಿನ್ ಮದ್ದಿನ ವಾಸನೆ ಹೋಗಲು ಬಿಡದಿದ್ದರೆ ಮೀನಿಗೆ ಅದು ವಿಷ. ಇದನ್ನು ನನಗೆ ಕಲಿಸಿದವನೇ ಅಣ್ಣ. ಅವನು ಸುರಿಯುತ್ತಿದ್ದುದು ಹಸಿ ಕೊಳಾಯಿ ನೀರು. ನಾನು ಎಷ್ಟು ಕಾವಲಿದ್ದರೂ ಕಣ್ಣು ತಪ್ಪಿಸಿ ಸುರಿದುಬಿಡುತ್ತಿದ್ದ. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಶುಂಠಿಯಂಥ ದಪ್ಪ ಕಾಂಡದ ಗಿಡಗಳನ್ನು ಮರಳಿನ ಮೇಲೆ ಒರಗಿಸಿಡಬೇಕು, ಹೂತರೆ ಕೊಳೆಯುತ್ತವೆ. ಅಣ್ಣ ಒಂದೊಂದನ್ನೂ ಕುತ್ತಿಗೆ ತನಕ ಹೂತ. ಗಿರಾಕಿಗಳು ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನನ್ನ ಬಾಯಿ ಒಳಗೆ ತಳ್ಳಿದವರನ್ನು ಆ ವಾಸನೆ ಹೊರಗೆ ತಳ್ಳುತ್ತಿತ್ತು.

ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಸುತ್ತಿ ಬಳಸಿ ಮಾತಾಡುವ ಆಸಾಮಿಯಲ್ಲ. "ಹೋದ ನೆನಪು ವಾಪಸ್ ಬರಲ್ಲಮ್ಮ, ಇನ್ನೂ ಹೋಗುತ್ತೆ. ಆದಷ್ಟು ದಿನ ಅವರು ಕೂರೋ ಜಾಗ, ಮಾಡೋ ಕೆಲಸ ಬದಲಾಯಿಸ್ಬೇಡಿ. ಆ ಅಂಗಡೀನೇ ಅವರನ್ನ ಹಿಡ್ಕೊಂಡಿರೋದು" ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅತ್ತಿಗೆ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಆ ಡಾಕ್ಟರಿಗೇನು ಗೊತ್ತು? ಒಂದು ಗಿಡ ಸಾಕಿದಾನಾ? ಕರಗ್ತಾ ಇದೆ, ಅಷ್ಟೆ. ಬೇರು ಇದೆ. ಏನಂತೀಯ?"

"ಬೇರಾ? ಅಣ್ಣನ ಬೇರು ಈ ಆಸ್ಪತ್ರೆ ಕೆಳಗಿಂದ ಹಾದು ಆ ಕಡೆ ಬೀದೀಲಿ ಎದ್ದಿದೆ, ಅತ್ತಿಗೆ" ಎಂದೆ. ಅತ್ತಿಗೆ ನಕ್ಕರು. ಹಿಂದೆ ಬರುತ್ತಿದ್ದ ಅಣ್ಣನೂ, ಯಾಕೆಂದು ತಿಳಿಯದೆ, ನಕ್ಕ.

ಅಂಗಡಿಯನ್ನು ನಾನೊಬ್ಬನೇ ನಡೆಸುವುದು ಆಗದ ಮಾತು. ಆಗ ಸಿಕ್ಕಿದವರು ಸೋಫಾ ಸಾಹುಕಾರರು. ಮೇಲಿನ ಬೀದಿಯಲ್ಲಿ ಅವರ ಪೀಠೋಪಕರಣದ ಮಳಿಗೆ. ಸೋಫಾ ಪಕ್ಕಕ್ಕೊಂದು ಹಸಿರು ಟ್ಯಾಂಕು ಸೇರಿಸಿ ಮಾರುವ ಹುಚ್ಚು ಅವರಿಗೆ ಹತ್ತಿತ್ತು. "ಅಂಗಡಿ ನಾನು ತಗೋತೀನಿ. ಆದ್ರೆ ಗಿಡ ನೋಡ್ಕೊಳ್ಳೋಕೆ ನಿಮ್ಮ ಅಣ್ಣನೇ ಇರಬೇಕು. ಅವರಿಲ್ಲದಿದ್ರೆ ನನಗೆ ಗಾಜು ಕಟ್ಕೊಂಡು ಏನಾಗಬೇಕು? ಅವರಿಗೆ ಹುಷಾರಿಲ್ಲ ಅಂತ ಯಾರೋ ಅಂದ್ರಲ್ಲ?" ಎಂದರು.

"ಹುಷಾರಿಲ್ವಾ? ಕಣ್ಣು ಕಟ್ಟಿ ಗಿಡ ಕೈಗೆ ಕೊಡಿ ಸಾಹುಕಾರ್ರೇ, ಅದರ ಅಜ್ಜಿ ಯಾವ ಟ್ಯಾಂಕಲ್ಲಿ ಹುಟ್ಟಿದ್ಲು ಅಂತ ಹೇಳ್ತಾನೆ."

"ಹಾಗಾದ್ರೆ ನಾಳೆ ಬರ್ತೀನಿ. ನನ್ನೆದುರಿಗೆ ಒಂದು ಗಿಡ ನೆಟ್ಟು ತೋರಿಸ್ಲಿ."

ಮಾರನೆಯ ದಿನ ಅತ್ತಿಗೆ ಅಣ್ಣನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆ ಬಾಚಿ, ಸ್ಟೂಲಿನ ಮೇಲೆ ಕೂರಿಸಿದರು. ನನ್ನ ಕಿವಿಯ ಹತ್ತಿರ ಬಂದು, "ಅವರು ಇದೇ ಸ್ಟೂಲ್ ಮೇಲೆ ಕೂತಿರಬೇಕು ಕಣಪ್ಪ, ನನಗೆ ಇನ್ನೇನೂ ಬೇಡ. ಹೊಸ ಎಲೆ ಬರೋವರೆಗೂ" ಎಂದರು. ನಾನು ಕ್ಯಾನನ್ನು ಸೋಫಾ ಸಾಹುಕಾರರ ಕಣ್ಣಿಗೆ ಬೀಳದಂತೆ ಮರಳಿನ ಚೀಲಗಳ ಹಿಂದೆ ಬಚ್ಚಿಟ್ಟೆ.

ಸಾಹುಕಾರರು ಬಂದು ನಿಂತರು. ಅಣ್ಣ ಕುಂಡ ಕೈಗೆ ತೆಗೆದುಕೊಂಡ.

ನಾನು ಎಷ್ಟೋ ಸುಳ್ಳು ಹೇಳಿದ್ದೇನೆ, ಇದು ಮಾತ್ರ ಇದ್ದದ್ದು ಇದ್ದ ಹಾಗೆ. ಅಣ್ಣ ಕುಂಡವನ್ನು ಮೆಲ್ಲಗೆ ಹಿಸುಕಿ ಸಡಿಲಿಸಿ, ಬೇರು ಹರಿಯದಂತೆ ನಾರನ್ನು ಎಳೆ ಎಳೆಯಾಗಿ ಬಿಡಿಸಿ, ಬಕೆಟ್ಟಿನ ನೀರಿನಲ್ಲಿ ಅಲುಗಿಸಿದ. ಹಳದಿ ಎಲೆ ಚಿವುಟಿದ. ಉದ್ದ ಚಿಮಟದಲ್ಲಿ ಬೇರನ್ನು ಹಿಡಿದು, ಮೊಣಕೈವರೆಗೂ ಕೈ ಮುಳುಗಿಸಿ, ಮರಳಿನೊಳಕ್ಕೆ ಓರೆಯಾಗಿ ತೂರಿಸಿ, ಚಿಮಟ ಬಿಡಿಸಿಕೊಂಡು ಹೊರಗೆಳೆದ. ಗಿಡ ಅಲ್ಲಾಡಲಿಲ್ಲ. ನೀರು ಕದಡಲಿಲ್ಲ. ಆಮೇಲೆ ತಿರುಗಿ, "ಮೊದಲು ಕರಗುತ್ತೆ" ಎಂದು ಶುರುಮಾಡಿ, ಒಂದು ಪದ ತಪ್ಪದೆ ತನ್ನ ಭಾಷಣ ಒಪ್ಪಿಸಿದ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಸಾಹುಕಾರರು ತಲೆದೂಗಿದರು.

ಅಣ್ಣ ಎದ್ದ. ನೇರವಾಗಿ ಮರಳಿನ ಚೀಲಗಳ ಹಿಂದೆ ಹೋಗಿ ಕ್ಯಾನು ತೆಗೆದುಕೊಂಡು ಬಂದು, ಆಗಷ್ಟೇ ನೆಟ್ಟ ಗಿಡಕ್ಕೆ ನೀರು ಹಾಕಿದ. ಟ್ಯಾಂಕು ಅಂಚಿನವರೆಗೆ ಏರಿ, ತುಳುಕಿ, ಸಾಹುಕಾರರ ಬೂಟಿನ ಮೇಲೆ ಹರಿಯಿತು.

"ಏನಿದು?" ಎಂದರು ಸಾಹುಕಾರರು.

"ಇದಾ? ಇದನ್ನ ಅಣ್ಣ ಬಿಟ್ಟು ಪ್ರಪಂಚದಲ್ಲಿ ಯಾರೂ ಮಾಡಲ್ಲ!" ನನ್ನ ಬಾಯಿ ತಾನಾಗಿಯೇ ಓಡಿತು. "ಹೊಸದಾಗಿ ನೆಟ್ಟ ಗಿಡದ ತಲೆ ಮೇಲೆ ಮಳೆ ಬಂದ ಹಾಗೆ ಮಾಡೋದು. ಗಿಡಕ್ಕೆ ತಾನಿನ್ನೂ ಹೊರಗಡೇನೇ ಇದೀನಿ ಅನ್ಸುತ್ತೆ, ಗಾಬರಿ ಆಗಲ್ಲ. ಹಿಂದೆ ಇದನ್ನ ಕಲಿಯೋಕೆ ಅಂತ ಹಡಗಲ್ಲಿ ಜನ ಬರ್ತಿದ್ರು."

ಸಾಹುಕಾರರು ಬೂಟು ನೋಡಿದರು, ಟ್ಯಾಂಕು ನೋಡಿದರು, ಕೊನೆಗೆ ಗಹಗಹಿಸಿ ನಕ್ಕರು. "ಅಬ್ಬಾ! ಇದನ್ನ ಗಿರಾಕಿಗಳ ಎದುರಿಗೂ ಮಾಡಿಸ್ಬೇಕು. ಸರಿ, ಆಯ್ತು ಅಂತ ಇಟ್ಕೊಳ್ಳಿ" ಎಂದು ನನ್ನ ಕಡೆ ಕೈ ಚಾಚಿದರು.

ಆ ಕೈಯನ್ನು ನಾನು ಹಿಡಿಯುವ ಮೊದಲೇ ಅಣ್ಣ ನನ್ನ ಭುಜ ತಟ್ಟಿದ. ಮುಖದಲ್ಲಿ ಅಂಗಡಿಯವನ ಮರ್ಯಾದೆಯ ನಗು.

"ಬನ್ನಿ ಸರ್, ಒಳಗೆ ಬನ್ನಿ. ಬಾಗಿಲಲ್ಲೇ ನಿಂತ್ರಲ್ಲ. ನಿಮ್ಮದು ಎಷ್ಟು ಉದ್ದದ ಟ್ಯಾಂಕು?"

ಸಾಹುಕಾರರು ಇದೂ ತಮಾಷೆಯೆಂದೇ ತಿಳಿದು ನಗುತ್ತಿದ್ದರು. ನಾನು ಮಾಡಬೇಕಾಗಿದ್ದುದು ಇಷ್ಟೇ: 'ಸಮುದ್ರದಷ್ಟು ಉದ್ದ' ಎಂದು ಏನೋ ಒಂದು ಅಂದು ಜೊತೆಗೆ ನಕ್ಕುಬಿಡುವುದು. ಹುಟ್ಟಿದಾಗಿನಿಂದ ನಾನು ಮಾಡಿದ ಕೆಲಸವೇ ಅದು. ಆದರೆ ಹುಟ್ಟಿದಾಗಿನಿಂದ ಅಣ್ಣ ನನಗೆ 'ನೀವು' ಅಂದವನಲ್ಲ. 'ಲೋ' ಅಂದಿದ್ದಾನೆ, 'ಕತ್ತೆ' ಅಂದಿದ್ದಾನೆ, ಒಮ್ಮೆ ಬಕೆಟ್ಟಿನಲ್ಲಿ ಹೊಡೆದಿದ್ದಾನೆ. ಬೀದಿಯ ಎರಡು ತುದಿಗೂ ಕೇಳುವ ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

ಸಾಹುಕಾರರ ನಗು ಇಳಿಯಿತು. ಅವರು ಅಣ್ಣನನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿದರು. ಆಮೇಲೆ ಅತ್ತಿಗೆಯನ್ನು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು, ಒದ್ದೆ ಬೂಟನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು. "ನನಗೆ ಬೇಜಾರಾಗ್ತಿದೆಯಮ್ಮ" ಎಂದು ಅತ್ತಿಗೆಗೆ ಮಾತ್ರ ಹೇಳಿ ಹೋದರು. ಕೆಟ್ಟವರಲ್ಲ. ಅವರು ಕೆಟ್ಟವರಾಗಿದ್ದರೆ ಬಯ್ಯುವುದಕ್ಕಾದರೂ ಒಬ್ಬರು ಸಿಗುತ್ತಿದ್ದರು.

ಅಂಗಡಿ ಈಗ ಇಲ್ಲ. ಸೋಫಾ ಸಾಹುಕಾರರು ಗಾಜುಗಳನ್ನು ಮಾತ್ರ ಕೊಂಡು ಅದರಲ್ಲಿ ಪ್ಲಾಸ್ಟಿಕ್ ಗಿಡ ನಿಲ್ಲಿಸಿದ್ದಾರೆ. ಚೆನ್ನಾಗಿಯೇ ಕಾಣುತ್ತವೆ, ಕರಗುವುದಿಲ್ಲ. ಒಂದು ಟ್ಯಾಂಕನ್ನು ಮನೆಗೆ ತಂದು ಅಣ್ಣನ ಮಂಚದ ಎದುರಿಗೆ ಇಟ್ಟಿದ್ದೇವೆ, ಪಕ್ಕದಲ್ಲಿ ಅದೇ ಸ್ಟೂಲು, ಕಿಟಕಿಯಲ್ಲಿ ಒಂದಷ್ಟು ಕುಂಡ. ಬೆಳಿಗ್ಗೆ ಅಣ್ಣ ಟ್ಯಾಂಕಿಗೆ ನೀರು ಹಾಕುತ್ತಾನೆ. ಅವನು ಮುಖ ತಿರುಗಿಸಿದ ಕೂಡಲೇ ಅತ್ತಿಗೆ ಅಷ್ಟೇ ನೀರನ್ನು ಚೊಂಬಿನಲ್ಲಿ ತೆಗೆದು ಚೆಲ್ಲುತ್ತಾರೆ. ಅದರಲ್ಲಿ ಮೀನಿಲ್ಲ. ಇದ್ದ ಗಿಡಗಳ ಎಲೆ ಗಾಜಿನಂತಾಗಿ ಹೋಗಿದೆ. ಅತ್ತಿಗೆ ದಿನವೂ ಗಾಜಿಗೆ ಮೂಗು ತಾಗಿಸಿ ಬುಡ ನೋಡುತ್ತಾರೆ. ಮೊನ್ನೆ ನಾನು ಕೈ ಹಾಕಿ ಒಂದನ್ನು ಮುಟ್ಟಿ ನೋಡಿದೆ. ಅದು ಬೇರುಸಹಿತ ಬೆರಳಿಗೆ ಅಂಟಿಕೊಂಡು ಬಂತು, ಮೆತ್ತಗೆ, ಕಪ್ಪಗೆ. ಅತ್ತಿಗೆ ಅಡುಗೆಮನೆಯಲ್ಲಿದ್ದರು. ಮತ್ತೆ ಮರಳಿನೊಳಗೆ ತುರುಕಿಬಿಟ್ಟೆ.

ಈಗ ನಾನು ಅಣ್ಣನ ಬಳಿ ಹೋಗುವುದು ಗಿರಾಕಿಯಾಗಿ. ಬೇರೆ ಯಾವ ವೇಷದಲ್ಲಿ ಹೋದರೂ ಅವನು ಮಾತಾಡುವುದಿಲ್ಲ. ಅಂಗಳದ ಬಾಗಿಲು ತಟ್ಟಿ, ಚಪ್ಪಲಿ ಬಿಟ್ಟು, "ಒಂದು ಗಿಡ ಬೇಕಾಗಿತ್ತು" ಎನ್ನುತ್ತೇನೆ. ಅತ್ತಿಗೆ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಳ್ಳುತ್ತಾರೆ, ಇವತ್ತಾದರೂ ಒಂದು 'ಲೋ' ಹೊರಡುತ್ತದೆಯೇನೋ ಎಂದು.

ಇವತ್ತು ಅಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನಿಮಗೆ ಕೊಡೋಕಾಗಲ್ಲ ಸರ್" ಎಂದ.

"ಯಾಕೆ? ನಾನು ಗಿಡ ಸಾಕಿದ್ರೆ ಕಾಡೇ ಆಗುತ್ತೆ! ಹುಲಿ ಬಂದು ಸೇರ್ಕೊಳ್ಳುತ್ತೆ!"

"ಮಾತು ಜಾಸ್ತಿ ನಿಮ್ದು. ಮಾತು ಜಾಸ್ತಿ ಇರೋರಿಗೆ ತಾಳ್ಮೆ ಇರಲ್ಲ. ಮೊದಲು ಕರಗುತ್ತೆ. ಕರಗಿದ ಕೂಡಲೇ ನೀವು ಕಿತ್ತು ಬಿಸಾಕ್ತೀರ." ಕಿಟಕಿಯಲ್ಲಿದ್ದ ಒಂದು ಕುಂಡ ತೆಗೆದು ಎದೆಗೆ ಒತ್ತಿಕೊಂಡ. ಕನಿಕರ ಬಂತೋ ಏನೋ, ಕೇಳಿದ: "ಮನೇಲಿ ತಾಳ್ಮೆ ಇರೋರು ಬೇರೆ ಯಾರಾದ್ರೂ ಇದಾರಾ?"

"ಇದಾನೆ" ಎಂದೆ. "ನಮ್ಮಣ್ಣ."

"ಹಾಗಾದ್ರೆ ಅವರನ್ನೇ ಕಳ್ಸಿ."

ಕಳಿಸುತ್ತೇನೆ ಎಂದೆ.