ಲೇಡೀಸ್ ಬೋಗಿಯ ಮೂರನೆಯ ಹೆಂಗಸು

ಮುಂಬೈ ಹತ್ತಿರದ ಬದಲಾಪುರದ ವೇದಾವತಿ ಐವತ್ತೆಂಟು ತುಂಬಿದ ವರ್ಷ ಹೊಟೇಲಿನ ಅಡುಗೆಮನೆಯನ್ನು ಸೊಸೆ ಶ್ರೀಪ್ರಿಯಾಳಿಗೆ ಒಪ್ಪಿಸಿ, ಠಾಣೆಯ ಕಾಲೇಜೊಂದರಲ್ಲಿ ಮಾನವಶಾಸ್ತ್ರದ ತರಗತಿಗೆ ಸೇರಿದಳು.

"ಮನುಷ್ಯರನ್ನು ಕಲಿಯಲಿಕ್ಕೆ ಕಾಲೇಜು ಎಂತಕ್ಕೆ ಮಾರಾಯ್ತಿ? ನಮ್ಮ ಹೊಟೇಲಿನಲ್ಲಿ ಒಂದು ಗಂಟೆ ಕೂತರೆ ಸಾಕಲ್ಲ" ಎಂದು ಗಂಡ ಮುರಾರಿ ನಕ್ಕ.

"ಕೂತುಕೊಳ್ಳಲಿಕ್ಕೆ ನೀವು ಬಿಟ್ಟದ್ದು ಯಾವಾಗ?" ಎಂದು ಅವಳು ಚಪ್ಪಲಿ ಮೆಟ್ಟಿದಳು.

ಮೇಷ್ಟ್ರು ಮಯೂರ್ ಅವಳ ಮಗನಿಗಿಂತ ಚಿಕ್ಕವರು. ಮಾನವಶಾಸ್ತ್ರವೆಂದರೆ ಕಾಡಿನ ಜನರನ್ನೋ ಹಳೆಯ ಎಲುಬುಗಳನ್ನೋ ನೋಡುವುದಷ್ಟೇ ಅಲ್ಲ, ನಾಲ್ಕು ಜನ ಸೇರಿದಲ್ಲೆಲ್ಲ ಒಂದು ಕಟ್ಟಳೆ ಹುಟ್ಟುತ್ತದೆ, ಅದನ್ನು ಹುಡುಕುವುದು ಎಂದರು. ಹತ್ತು ದಿನ ಒಂದು ಗುಂಪಿನ ಜೊತೆಗಿದ್ದು ಬರೆದು ತರಲು ಹೇಳಿದರು.

ವೇದಾವತಿ ತಾನು ದಿನವೂ ಹತ್ತುವ ಲೋಕಲ್ ರೈಲಿನ ಲೇಡೀಸ್ ಬೋಗಿಯನ್ನೇ ಆರಿಸಿಕೊಂಡಳು. ಸುತ್ತಲೂ ಮರಾಠಿ ಮಾತು. ಕನ್ನಡದಲ್ಲಿ ಬರೆದರೆ ಯಾರಿಗೂ ತಿಳಿಯದೆಂಬ ಧೈರ್ಯ. ಹೆಸರು ಕೇಳಲು ಸಂಕೋಚವಾಗಿ ಒಬ್ಬೊಬ್ಬರಿಗೂ ಒಂದೊಂದು ಅಂಕಿ ಕೊಟ್ಟಳು. ನಾಲ್ಕನೆಯ ದಿನ ಕಟ್ಟಳೆಯೊಂದು ಸಿಕ್ಕಿಯೇಬಿಟ್ಟಿತು: ಡೊಂಬಿವಲಿ ಸ್ಟೇಷನ್ ದಾಟಿದ ಮೇಲೆ ಕೂತವರು ಎದ್ದು, ನಿಂತವರಿಗೆ ಜಾಗ ಬಿಡುತ್ತಾರೆ. ಯಾರೂ ಹೇಳಬೇಕಾಗಿಲ್ಲ. ಹಿಗ್ಗಿನಿಂದ ಅದನ್ನು ಬರೆಯುತ್ತಿದ್ದಾಗ ಭುಜದ ಮೇಲೊಂದು ಕೈ ಬಿತ್ತು.

"ಬರದದ್ದು ಖರೇ ಐತ್ರಿ ಅಕ್ಕಾರ. ಡೊಂಬಿವಲಿ ದಾಟಿ ಭಾಳ ಹೊತ್ತಾತು. ನೀವೂ ಏಳ್ರಲ್ಲ."

ಅಷ್ಟು ದಿನ ಮರಾಠಿಯಲ್ಲೇ ಹರಟುತ್ತಿದ್ದ ಮೂರನೆಯ ಹೆಂಗಸು. ವೇದಾವತಿ ಗಡಬಡಿಸಿ ಎದ್ದಳು; ನೋಟ್‌ಬುಕ್ ಜಾರಿ ಆ ಹೆಂಗಸಿನ ಕೈಗೇ ಹೋಯಿತು.

"'ಮೂರನೆಯವಳಿಗೆ ಬಾಯಿ ಜಾಸ್ತಿ. ಎಲ್ಲರ ಡಬ್ಬಿಗೂ ಕೈ ಹಾಕುತ್ತಾಳೆ'" ಎಂದು ಆಕೆ ಗಟ್ಟಿಯಾಗಿ ಓದಿದಳು. "ಮೂರನೇದಾಕಿ ಅಂದ್ರ ನಾನ ಏನ್ರಿ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ವೇದಾವತಿಗೆ. "ತಪ್ಪಾಯ್ತು. ಕಾಲೇಜಿಗೆ ಅಂತ ಬರೆದದ್ದು."

"ಬರೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಯಾಕ ಕೈ ಹಾಕ್ತೀನಿ ಅಂತ ನನ್ನ ಒಂದ್ ಮಾತು ಕೇಳಬಾರದೇನು? ನಾ ಶರಣಬಸಮ್ಮ, ಕಲಬುರ್ಗಿಯಾಕಿ." ವೇದಾವತಿ ಬಿಟ್ಟ ಜಾಗದಲ್ಲಿ ಕೂತ ನರ್ಸ್ ಹುಡುಗಿಯತ್ತ ಆಕೆ ಕೈ ತೋರಿಸಿದಳು. "ಈ ಜಾನಕಿ ಮುಂಜಾನೆ ಏನೂ ತಿನ್ನದ ಬರ್ತಿದ್ಲು. ಕೊಟ್ರ ನಾಚಿಕಿ. ಅದಕ್ಕ ಮೊದಲ ನಾನ ಅಕಿ ಮಧ್ಯಾಹ್ನದ ಡಬ್ಬ್ಯಾಗ ಕೈ ಹಾಕಿದೆ. ಮರುದಿನ ಅಕಿ ನನ್ನ ರೊಟ್ಟಿ ತಿಂದಳು. ಹೊಸಬರು ಯಾರ ಬಂದ್ರೂ ಈಗ ಹಿಂಗ."

ಜಾನಕಿಗೂ ಕನ್ನಡ ತಿಳಿಯುತ್ತಿತ್ತು; ಅವಳು ನಾಚಿ ನಕ್ಕಳು. ವೇದಾವತಿ ಚೀಲದಿಂದ ಕೆಸುವಿನೆಲೆಯ ಪತ್ರೊಡೆಯ ಡಬ್ಬಿ ತೆಗೆದು ಮುಂದೆ ಹಿಡಿದಳು.

"ನಾಕ ದಿನದಿಂದ ಇದರ ವಾಸನಿ ತಗೊಂಡ ಕೂತೀನ್ರಿ" ಎಂದು ಶರಣಬಸಮ್ಮ ಎರಡು ತುಂಡು ಎತ್ತಿಕೊಂಡಳು.

ನೋಟ್‌ಬುಕ್ಕಿನ ಅಂಕಿಗಳಿಗೆಲ್ಲ ಗೀಟು ಬಿದ್ದು ಹೆಸರುಗಳು ಬಂದವು. ಹತ್ತನೆಯ ದಿನ ವೇದಾವತಿ ತನ್ನ ಬರಹವನ್ನು ಬೋಗಿಯಲ್ಲೇ ಓದಿದಳು. ಜಾನಕಿ ಮರಾಠಿಗೆ ತಿರುಗಿಸಿ ಹೇಳಿದಳು. ಎದ್ದು ಜಾಗ ಬಿಡುವ ಪದ್ಧತಿ ಶುರುವಾದದ್ದು ಬದಲಾಪುರದಲ್ಲಿ ಹತ್ತುವವರಿಂದಲೋ ಕಲ್ಯಾಣದಲ್ಲಿ ಹತ್ತುವವರಿಂದಲೋ ಎಂದು ಅಲ್ಲಿಯೇ ಜಗಳ ಹತ್ತಿಕೊಂಡಿತು, ಠಾಣೆ ಬಂದರೂ ಮುಗಿಯಲಿಲ್ಲ. ವೇದಾವತಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಎರಡೂ ಕಡೆಯ ವಾದ ಬರೆದು ಮುಗಿಸಿ, ಹತ್ತು ನಿಮಿಷ ತಡವಾಗಿ ತರಗತಿಗೆ ಹೋದಳು.