ಜೇನುಬಂಡೆಯ ಹಗ್ಗ

ಪ್ಲೇಗಿಗೆ ಹೆದರಿ ಸಿದ್ದಾಪುರ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ ಅದು. ಗುಡಿಸಲೆಂದರೆ ಒಲೆಗೂ ಹಾಸಿಗೆಗೂ ನಡುವೆ ಗೇಣು ಜಾಗವಿಲ್ಲ. ಕುದಿಯುವ ಅಂಬಲಿಯ ಗಡಿಗೆ ಉರುಳಿ ನನ್ನ ಮಗಳು ಸೂರಮ್ಮನ ತೊಡೆಯ ಮೇಲೆ ಬಿತ್ತು. ಈಗಷ್ಟೇ ಮಾತು ಕಲಿತಿದ್ದ ಕೂಸು. ಗಾಯ ಕೀವಾಗಿ ನಾತ ಹೊಡೆಯತೊಡಗಿತು, ಮೈ ಕಾದ ಹೆಂಚಾಯಿತು.

ನಾಟಿ ಮದ್ದು ಕೊಡುವ ನಿಂಗಕ್ಕ ಗಾಯ ಮೂಸಿ ಮುಖ ಸಿಂಡರಿಸಿದಳು.

"ಬೆಲ್ಲದ ಪಾಕ ಬೆರೆಸಿದ ಸಂತೆ ಜೇನು ತಂದು ನನ್ ಕಣ್ಣಿಗೆ ಮಣ್ಣೆರಚಬ್ಯಾಡ, ಯರ್ರಮ್ಮ. ಬಂಡೆ ಹೆಜ್ಜೇನಿನ ತುಪ್ಪ ಬೇಕು. ದಪ್ಪಗೆ ಬಳಿದ್ರೆ ಕೀವು ಎಳೀತೈತೆ, ಬಟ್ಟೆನೂ ಅಂಟಲ್ಲ. ಇವತ್ತೇ ತರ್ಬೇಕು ಕಣವ್ವ."

ನನ್ನ ಗಂಡ ಬಂಡೆ ಇಳಿಯುವುದರಲ್ಲಿ ಗಟ್ಟಿಗ. ಆದರೆ ಹಗ್ಗ ಹಿಡಿಯುವವರು ಯಾರು? ನಮ್ಮಲ್ಲಿ ಜೇನಿಗೆ ಇಳಿದವನ ಹಗ್ಗವನ್ನು ಅವನ ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು. ತಂಗಿಯ ತಾಳಿ ಕೈಯಲ್ಲಿರುವಾಗ ಅವನು ಬಿಡುವುದಿಲ್ಲವೆಂಬ ನಂಬಿಕೆ. ಬೇರೆ ಯಾರೂ ಆ ಹಗ್ಗ ಮುಟ್ಟುವುದಿಲ್ಲ. ನನ್ನ ಅಣ್ಣ ದೊಡ್ಡಪಾಲಯ್ಯನೋ, ಹುಲ್ಲುಗಾವಲಿನ ಜಗಳದಲ್ಲಿ ನನ್ನ ಗಂಡನಿಂದ ಪೆಟ್ಟು ತಿಂದು, "ನಿನ್ ಹೆಣ ಎತ್ತಾಕೂ ಬರಲ್ಲ ಕಣಲೇ" ಎಂದು ಮಣ್ಣು ಮುಟ್ಟಿ ಆಣೆ ಇಟ್ಟಿದ್ದ. ಎರಡೂ ಕತ್ತೆಗಳೇ.

ನಾನೇ ಓಡಿಹೋಗಿ ಅಣ್ಣನ ಕಾಲು ಹಿಡಿದೆ. ಅವನು ಕಾಲು ಬಿಡಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ. ಬೈದಿದ್ದರೆ ಧೈರ್ಯವಾದರೂ ಬರುತ್ತಿತ್ತು. ಕೂಸಿಗಾಗಿ ಹೊರಟನೋ, ಸೇಡಿಗೆ ಹೊರಟನೋ ತಿಳಿಯಲಿಲ್ಲ.

ಹೊತ್ತು ಮುಳುಗುವಾಗ ಅಣ್ಣ ಬಂಡೆಯ ನೆತ್ತಿಯಲ್ಲಿ ಹಗ್ಗವನ್ನು ಸೊಂಟಕ್ಕೆ ಸುತ್ತಿ, ಕಲ್ಲಿಗೆ ಕಾಲು ಕೊಟ್ಟು ಕೂತ. ಗಂಡ ಅವನ ಮುಖ ನೋಡದೆಯೇ ಹೊಗೆಯಾಡುವ ಸೊಪ್ಪಿನ ಕಂತೆ, ಸೋರೆಬುರುಡೆ ಹಿಡಿದು ಇಳಿದ. ನಾನು ಅಣ್ಣನ ಬೆರಳುಗಳನ್ನೇ ನೋಡುತ್ತಿದ್ದೆ. ಅವು ಸಡಿಲವಾದರೆ ಗಂಡನೂ ಹೋದ, ಮಗಳೂ ಹೋದಳು.

ಅಷ್ಟರಲ್ಲಿ ಹಾಳು ಗಾಳಿ ತಿರುಗಿತು. ಹುಳುಗಳು ಗುಂಯ್ಯೆಂದು ಮೇಲೆದ್ದು ಅಣ್ಣನ ಮುಖಕ್ಕೆ ಮುತ್ತಿದವು. ಅಯ್ಯೋ ಶಿವನೇ! ಅವನಿಗೆ ಹೊದಿಸಲೆಂದು ಕಂಬಳಿ ಹಿಡಿದು ನುಗ್ಗಿದೆ.

"ನನ್ನ ಮುಟ್ಟಬ್ಯಾಡ, ಕೈ ಅಲುಗ್ತೈತೆ! ನೀ ಹೊದ್ಕಂಡು ಕುಂತ್ಕ!" ಎಂದು ಅಣ್ಣ ಗದರಿದ.

ಕಂಬಳಿಯೊಳಗೆ ಮುದುರಿ ಕೂತೆ. ಅಣ್ಣ ನರಳುತ್ತಿದ್ದ, ಹಗ್ಗ ಕಲ್ಲಿಗೆ ತಿಕ್ಕುತ್ತಿತ್ತು. ಒಮ್ಮೆ ಅದು ಸರ್ರನೆ ಜಾರಿದ ಸದ್ದಾಯಿತು. ಮುಗಿಯಿತು ಎಂದುಕೊಂಡೆ. ಆಮೇಲೆ ಮತ್ತೆ ಬಿಗಿದುಕೊಂಡಿತು.

ಹುಳುಗಳ ಸದ್ದು ಅಡಗಿದ ಮೇಲೆ ಕಂಬಳಿ ಸರಿಸಿದೆ. ಗಂಡ ಅಂಚು ಹತ್ತಿ ಬಂದು ನಡುವಿನ ಹಗ್ಗ ಬಿಚ್ಚುತ್ತಿದ್ದ. ಬುರುಡೆ ತುಂಬಿತ್ತು. ಅಣ್ಣನ ಕಣ್ಣೆರಡೂ ಊದಿ ಮುಚ್ಚಿಹೋಗಿದ್ದವು.

ಹಗ್ಗ ಹಗುರವಾದದ್ದೇ ತಡ, ಅವನು ಕಿರುಚಿಕೊಂಡ. "ಯರ್ರೀ, ಬಿದ್ದೋದ್ನೇನೇ? ನಾ ಬಿಡ್ಲಿಲ್ಲ ಕಣೇ! ಅವ್ವನಾಣೆ, ನಾ ಬಿಡ್ಲಿಲ್ಲ!"

ಗಂಡ ಓಡಿಬಂದು ಅವನನ್ನು ತಬ್ಬಿಕೊಂಡ. "ಇಲ್ಲೇ ಇದೀನಿ ಕಣಲೇ ಪಾಲಯ್ಯ, ಇಲ್ಲೇ ಇದೀನಿ."

ಮುಷ್ಟಿ ಬಿಡಿಸಿ ನೋಡಿದರೆ ಅಂಗೈಯಲ್ಲಿ ಚರ್ಮವಿರಲಿಲ್ಲ. ಗಂಡ ಬುರುಡೆಗೆ ಬೆರಳು ಅದ್ದಿದ. ಅಣ್ಣ ಕೈ ಹಿಂದಕ್ಕೆಳೆದುಕೊಂಡು, "ಕೂಸಿಗೆ ಮೊದ್ಲು" ಎಂದ.

ನಿಂಗಕ್ಕ ಒಂದೇ ಬುರುಡೆಯಿಂದ ಇಬ್ಬರಿಗೂ ಬಳಿದಳು. ಜ್ವರ ಇಳಿದ ಬೆಳಗ್ಗೆ ಸೂರಮ್ಮ ಕಣ್ಣು ಬಿಟ್ಟು, ಪಕ್ಕದಲ್ಲಿ ಕೂತಿದ್ದ ಮಾವನ ಬಟ್ಟೆ ಸುತ್ತಿದ ಕೈ ನೋಡಿದಳು.

"ಅವ್ವಾ, ಮಾವಂಗೂ ಅಂಬ್ಲಿ ಚೆಲ್ತಾ?"

ಗಂಡಸರಿಬ್ಬರೂ ತಲೆ ತಗ್ಗಿಸಿದರು. ನಾನು ಅತ್ತುಬಿಟ್ಟೆ.