ಗಾಳಿ ಹೋಗುವ ದಿಕ್ಕು

ಟಿಶ್ಯೂ ಕಾಗದದ ಪಟ್ಟಿ ಕಿಟಕಿಯ ಕಡೆಗೇ ವಾಲಿತ್ತು. ಸದ್ಯ, ಎಂದುಕೊಂಡ ದಂತವೈದ್ಯ. ಗಾಳಿ ಬಾಗಿಲ ಕಡೆಯಿಂದ ಬಂದು, ಅವನ ಬೆನ್ನು ಸವರಿ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರನ್ನು ದಾಟಿ, ಕಿಟಕಿಯ ಫ್ಯಾನಿನಿಂದ ಹೊರಗೆ ಹೋಗಬೇಕು. ಡ್ರಿಲ್ ತಿರುಗಿದಾಗ ಏಳುವ ಎಂಜಲಿನ ತುಂತುರು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಗಾಳಿಯ ದಿಕ್ಕು ತಿಳಿಯಲು ಫ್ಯಾನಿನ ಮುಂದೆ ಈ ಪಟ್ಟಿ ಕಟ್ಟಿದ್ದ. ಹೆತ್ತ ತಾಯಿ ಬಂದರೂ ಮೊದಲು ಪಟ್ಟಿ ನೋಡಿ ಆಮೇಲೆ ಮುಖ ನೋಡುವ ಪೈಕಿ ಅವನು.

ಇವತ್ತಿನ ಕೊನೆಯ ಪೇಶಂಟು ಅವನ ಹೆಂಡತಿ. ದವಡೆ ಹಲ್ಲು ನೋವು ಎನ್ನುತ್ತಿದ್ದಳು. ಕ್ಲಿನಿಕ್ಕಿಗೇ ಬಾ ಎಂದಿದ್ದ. ಮನೆಯಲ್ಲಿ ಬಾಯಿ ನೋಡುವ ಅಭ್ಯಾಸ ಅವನಿಗಿಲ್ಲ.

“ಮನೇಲೂ ನೀವು ಹೀಗೇ ಕೂರೋದು,” ಎಂದಳು, ಪಟ್ಟಿಯನ್ನೇ ನೋಡುತ್ತ.

“ಹೇಗೆ?”

“ಗಾಳಿ ಬರೋ ಕಡೆ. ನನ್ನ ಉಸಿರು ನಿಮ್ಮ ಹತ್ರ ಸುಳೀದೆ ಇರೋ ಹಾಗೆ.”

ಅವನು ನಕ್ಕ. ಎರಡು ಮಾಸ್ಕು, ಕನ್ನಡಕ, ಅದರ ಮೇಲೆ ಮುಖ ಮುಚ್ಚುವ ಪ್ಲಾಸ್ಟಿಕ್ಕು. ನಕ್ಕದ್ದು ಅವನಿಗೆ ಮಾತ್ರ ಗೊತ್ತಾಯಿತು.

“ನಾಳೆ ಅಕ್ಕನ ಮನೆಗೆ ಹೋಗ್ತಿದೀನಿ. ಬಟ್ಟೆ ತುಂಬಿಟ್ಟಾಯ್ತು.”

“ಎಷ್ಟು ದಿನ?”

“ಹೋಗಬೇಡ ಅಂದ್ರೆ ಹೋಗಲ್ಲ. ಅನ್ನದೆ ಇದ್ರೆ ವಾಪಸ್ ಬರಲ್ಲ.”

ಸಿಡಿಲು ಬಡಿದಂತಾಗಬೇಕಿತ್ತು. ಆಗಲಿಲ್ಲ. ಅವನ ಕೈ ತಾನಾಗಿಯೇ ಲೋಟ ಚಾಚಿತು.

“ಮೊದಲು ಬಾಯಿ ಮುಕ್ಕಳಿಸು. ಔಷಧಿ ನೀರು. ಸ್ವಲ್ಪ ಹೊತ್ತು ಬಾಯಲ್ಲೇ ಇರ್ಲಿ.”

ಅವಳು ಕೆನ್ನೆ ಉಬ್ಬಿಸಿಕೊಂಡು ಅವನನ್ನೇ ನೋಡಿದಳು. ಉತ್ತರ ಕೊಡಲು ಇದಕ್ಕಿಂತ ಒಳ್ಳೆಯ ಸಮಯ ಯಾವ ಗಂಡನಿಗೆ ಸಿಕ್ಕೀತು? ಅವನು ಗಡಿಯಾರ ನೋಡಿದ.

ಉಗುಳಿದಳು. ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟ. ಅವಳು ಮತ್ತೆ ಮಾತೆತ್ತುವಷ್ಟರಲ್ಲಿ ಬಾಯಿಯ ಮೇಲೆ ರಬ್ಬರ್ ಹಾಳೆ ಬಿಗಿದ. ಹಾಳೆಯ ತೂತಿನಿಂದ ನೋಯುವ ಹಲ್ಲೊಂದು ಮಾತ್ರ ಮೇಲೆ ಬಂತು. ನಾಲಗೆ, ಮಾತು ಎಲ್ಲ ಕೆಳಗೇ ಉಳಿದವು. ಅವನಿಗೆ ನಿರಾಳವಾಯಿತು. ಇಷ್ಟು ನಿರಾಳವಾಯಿತಲ್ಲ ಎಂದು ಭಯವೂ ಆಯಿತು.

ಒಂದು ಕೈಯಲ್ಲಿ ಡ್ರಿಲ್, ಇನ್ನೊಂದರಲ್ಲಿ ಹೀರುವ ಕೊಳವೆ. ತುಂತುರನ್ನೆಲ್ಲ ಅದು ಸೊರ್ರನೆ ಎಳೆದುಕೊಂಡಿತು. ಕೆಲಸ ಅಚ್ಚುಕಟ್ಟಾಗಿ ಮುಗಿಯಿತು. ಅವನ ಕೆಲಸದತ್ತ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಹಾಳೆ ತೆಗೆದಾಗ ಜೋಮು ಹಿಡಿದ ತುಟಿಯಲ್ಲೇ ಕೇಳಿದಳು: “ಏನಂತೀರಿ?”

“ಹೊರಗೆ ಕೂತಿರು. ಇಲ್ಲಿನ ಗಾಳಿ ಹೋಗ್ಲಿ. ಆಮೇಲೆ ಮಾತಾಡೋಣ.”

ಅವಳ ಹಿಂದೆ ಬಾಗಿಲು ಮುಚ್ಚಿತು. ಮಸುಕು ಗಾಜಿನಾಚೆ ಅವಳ ಆಕಾರ ಬೆಂಚಿನ ಮೇಲೆ ಕೂತಿತು. ಅವನೂ ಹೊರಗಿರಬೇಕಿತ್ತು, ನಿಯಮ ಅವನದೇ. ಆದರೂ ಒಳಗೇ ನಿಂತ. ಅವಳಿಲ್ಲದ ಮನೆ ಈಗ, ತಡವಾಗಿ, ಕಣ್ಣಿಗೆ ಕಟ್ಟಿತು. ಒಂದು ಮಾತು ಹೇಳಲು ಏನು ಧಾಡಿ? ಮೊದಲು ಇಲ್ಲೇ ಅಂದು ನೋಡೋಣ ಎಂದು ಫ್ಯಾನು ಆರಿಸಿದ. ಪಟ್ಟಿ ಇಳಿಬಿದ್ದಿತು. ಮಾತಿನ ಉಸಿರಿಗಾದರೂ ಅಲುಗೀತೇ ಎಂದು ಅದರ ಹತ್ತಿರ ಹೋಗಿ ನಿಂತ.

“ಹೋಗಬೇಡ,” ಎಂದ.

ಪಟ್ಟಿ ಅಲ್ಲಾಡಲಿಲ್ಲ.

ಇನ್ನೊಮ್ಮೆ, ಜೋರಾಗಿ ಅಂದ. ಮಾಸ್ಕಿನೊಳಗಿನ ಬಿಸಿಯುಸಿರು ಅವನ ಮುಖಕ್ಕೇ ಮರಳಿ ಕನ್ನಡಕ ಮಬ್ಬಾಯಿತು. ಗಾಜಿನಾಚೆಯ ಆಕಾರ ಎದ್ದು ನಿಂತಿತ್ತು. ಬಾಗಿಲ ಕಡೆಗೆ ಬರುತ್ತಿದೆಯೋ, ಹೊರಟಿದೆಯೋ, ಆ ಮಬ್ಬಿನಲ್ಲಿ ತಿಳಿಯಲಿಲ್ಲ. ಅವನ ಮೂಗಿನ ಮುಂದೆಯೇ ಪಟ್ಟಿ ನೆಟ್ಟಗೆ ಇಳಿಬಿದ್ದಿತ್ತು.